ಅತ್ತೆ ಕಿವಿಯಲ್ಲಿ ಕರೆದ ಹೆಸರು

ನನ್ನ ಹೆಸರನ್ನು ಮಾಣಿಕನಗರದಲ್ಲಿ ಒಬ್ಬ ಬೈರಾಗಿ ಕೊಟ್ಟ ಎಂದು ನಮ್ಮೂರು ಕಲ್ಯಾಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಸುರಿಯಾಗಿದ್ದ ನಮ್ಮವ್ವ ಮಠದ ಮುಂದೆ ಕೂತಿದ್ದಳಂತೆ. ಎಲ್ಲಿಂದಲೋ ಬಂದ ಬೈರಾಗಿ ಆಕೆಯ ಉಡಿಯಲ್ಲಿ ಒಂದು ಹೂ ಹಾಕಿದನಂತೆ. "ಈ ಹೂವಿನ ಹೆಸರ ಇಡು, ಕೂಸು ಉಳೀತದ" ಅಂದವನು ಅವ್ವ ತಲೆ ಎತ್ತುವುದರೊಳಗೆ ಇರಲಿಲ್ಲವಂತೆ.

ಬೈರಾಗಿ ಇಲ್ಲದಂತಾದದ್ದಕ್ಕೆ ನನ್ನ ತಕರಾರಿಲ್ಲ. ಬೈರಾಗಿಗಳು ಹೋಗಿಯೇ ಹೋಗುತ್ತಾರೆ. ನನ್ನ ತಕರಾರು ಅವ್ವ ಅಲ್ಲಿ ಕೂತದ್ದರ ಬಗ್ಗೆ. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಹೋಗಿದ್ದರಿಂದ ಈ ಸಲ ಆಕೆಯನ್ನು ಹೊಟ್ಟೆ ಕಾಣುವ ಮೊದಲೇ ತವರಿಗೆ, ರಾಜೇಶ್ವರಕ್ಕೆ ಕಳಿಸಿದ್ದರು. ಅಲ್ಲಿ ಹಿತ್ತಲಿಗೆ ಹೋಗಬೇಕಾದರೂ ಹಿಂದೊಬ್ಬರು ಮುಂದೊಬ್ಬರು. ಅಂಥವಳು ಹುಮನಾಬಾದ ದಾಟಿ ಮಾಣಿಕನಗರಕ್ಕೆ ಯಾವ ಗಾಡಿಯಲ್ಲಿ ಹೋದಳು? ಯಾರು ಬಿಟ್ಟರು? ಅವ್ವನನ್ನೇ ಕೇಳಿದೆ.

"ನಾ ಎಲ್ಲಿ ಹೋಗಿದ್ನೆಪಾ. ನನಗ ಕಾಲು ಊದಿ ಕೂತಲ್ಲೇ ಕೂತಿದ್ದೆ."

"ಮತ್ತ ಬೈರಾಗಿ?"

"ಬಂದಿದ್ದನಂತ."

ತನ್ನ ಉಡಿಯಲ್ಲಿ ಬಿದ್ದ ಹೂವಿನ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಿ ನಂಬಿದ ಹೆಂಗಸು ನಮ್ಮವ್ವ. ಆಕೆಯ ಜೊತೆ ವಾದ ಮಾಡುವುದು ಹೇಗೆ?

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೊಂದು ಹೂವಿನ ಹೆಸರು ಎಂದಷ್ಟೇ ತಿಳಿದರೆ ಸಾಕು. ನಮ್ಮ ಕಡೆ ಗಂಡುಮಕ್ಕಳ ಹೆಸರಿನ ಕೊನೆಗೆ ಅಪ್ಪನೋ ಅಣ್ಣನೋ ಬರಬೇಕು, ಮೊದಲಿಗೆ ದೇವರೋ ಶರಣರೋ ಇರಬೇಕು. ಇದರಲ್ಲಿ ಎರಡೂ ಇಲ್ಲ. ನಾನು ಹುಟ್ಟುವ ಮುಂಚೆ ನಮ್ಮ ಸೀಮೆಯಲ್ಲಿ ಇದನ್ನು ಹೊತ್ತ ಗಂಡಸು ಒಬ್ಬನೂ ಇರಲಿಲ್ಲ. ಹುಮನಾಬಾದಿನ ಶಾಲೆಗೆ ಸೇರಿದ ದಿನವೇ ಹಿಂದಿನ ಸಾಲಿನ ಹುಡುಗರು, "ಏ ಹೂವಾ, ಇವತ್ತ ಯಾರ ತುರುಬಿಗೆ ಹೊಂಟಿ?" ಎಂದು ಶುರು ಮಾಡಿದ್ದರು.

ಹೆಸರಿಟ್ಟ ದಿನ ನಡೆದದ್ದಕ್ಕೆ ಮಾತ್ರ ಕಣ್ಣಾರೆ ಕಂಡವರು ಬೇಕಾದಷ್ಟು ಜನ ಇದ್ದಾರೆ. ನಮ್ಮಲ್ಲಿ ಹೆಸರು ಕರೆಯುವವಳು ಸೋದರತ್ತೆ, ಎಂದರೆ ಅಪ್ಪನ ತಂಗಿ. ಮನೆಯ ಹಿರಿಯರು ಹೆಸರು ಗೊತ್ತುಮಾಡಿ ಆಕೆಗೆ ಹೇಳಿರುತ್ತಾರೆ. ಆಕೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್‍ರ್" ಎಂದು ಊದಿ, ಆಮೇಲೆ ಎಲ್ಲರಿಗೂ ಕೇಳುವಂತೆ ಆ ಹೆಸರು ಹೇಳುತ್ತಾಳೆ. ಕೂಡಲೇ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ, ನಗುತ್ತಾರೆ, ಗುಗ್ಗರಿ ಹಂಚುತ್ತಾರೆ. ಅತ್ತೆಗೆ ಒಂದು ಕುಪ್ಪಸದ ಖಣ ಸಿಗುತ್ತದೆ. ನನಗೆ ಗೊತ್ತುಮಾಡಿದ್ದು ತೀರಿಹೋದ ನನ್ನ ಮುತ್ತಜ್ಜನ ಹೆಸರು. ಅತ್ತೆ ಬಾಗಿದಳು, ಊದಿದಳು, ತಲೆ ಎತ್ತಿ ಈ ಹೂವಿನ ಹೆಸರು ಹೇಳಿದಳು. ಗುದ್ದಲು ಎತ್ತಿದ ಕೈಗಳು ಹಾಗೇ ನಿಂತವಂತೆ. ಇದು ಒಬ್ಬರು ಹೇಳಿದ್ದಲ್ಲ, ಅಲ್ಲಿದ್ದ ಎಲ್ಲ ಹೆಂಗಸರೂ ಒಂದೇ ಮಾತಿನಲ್ಲಿ ಹೇಳುತ್ತಾರೆ.

ಕಿವಿಯಲ್ಲಿ ಒಮ್ಮೆ ಕರೆದದ್ದನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ. ಅಜ್ಜ ಉಣ್ಣದೆ ಎದ್ದು ಹೊರಗೆ ಹೋದ. ಅಪ್ಪ ತಂಗಿಯನ್ನು ಅಡುಗೆಮನೆಗೆ ಕರೆದು "ಇದೇನ ಮಾಡಿದಿ?" ಎಂದು ಕೇಳಿದ. ಅವಳು ಬೈರಾಗಿಯ ಸುದ್ದಿ ಹೇಳಿದ್ದು ಆಗಲೇ. ಅಂದರೆ ಹೆಸರು ಮೊದಲು ಬಂತು, ಬೈರಾಗಿ ಆಮೇಲೆ ಬಂದ. ಇದನ್ನು ನಾನು ಎಷ್ಟು ಜನರ ಮುಂದೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. "ಹೌದಲ್ಲ" ಎನ್ನುತ್ತಾರೆ. ಎಂದು, ಅದೇ ಉಸಿರಿನಲ್ಲಿ ಪಕ್ಕದವರಿಗೆ ಬೈರಾಗಿಯ ಕಥೆ ಹೇಳುತ್ತಾರೆ.

ಏಕೆಂದರೆ ನಾನು ಉಳಿದೆ. ಇದಕ್ಕಿಂತ ದೊಡ್ಡ ಪುರಾವೆ ಅವರಿಗೆ ಬೇಡ. ಮೊದಲು ಹಿಂದಿನ ಓಣಿಯಲ್ಲಿ, ಕೂಸು ನಿಲ್ಲದ ಮನೆಯೊಂದರಲ್ಲಿ ಹುಟ್ಟಿದ ಗಂಡಿಗೆ ಇದೇ ಹೆಸರಿಟ್ಟರು. ಅದೂ ಉಳಿಯಿತು. ಆಮೇಲೆ ರಾಜೇಶ್ವರದಲ್ಲಿ, ಹುಮನಾಬಾದಿನಲ್ಲಿ. ನಾನು ಶಾಲೆ ಮುಗಿಸುವ ಹೊತ್ತಿಗೆ ನನ್ನನ್ನು ಕಾಡಿದ ಹುಡುಗರಲ್ಲೇ ಒಬ್ಬನ ತಮ್ಮ ಹೂವಾಗಿದ್ದ. ಬಜಾರಿನಲ್ಲಿ ಯಾರಾದರೂ ನನ್ನ ಹೆಸರು ಕೂಗಿದರೆ ತಿರುಗಿ ನೋಡುವುದನ್ನು ಬಿಟ್ಟೆ; ಓಡಿಬರುತ್ತಿದ್ದದ್ದು ಯಾವುದೋ ಬರಿಮೈಯ ಪೋರ.

ಜ್ವರ ಬಂದ ಒಂದು ವರ್ಷ ಆ ಹೆಸರಿನ ಎರಡು ಮಕ್ಕಳು ತೀರಿಕೊಂಡವು. ಇದಾದರೂ ಇವರ ಬಾಯಿ ಕಟ್ಟೀತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಒಳ್ಳೆಯದಲ್ಲ ಎಂದು ಗೊತ್ತು. ಆದರೆ ವಾದ ವಾದವೇ. ಶಾಲೆಯಲ್ಲಿ ನಮಗೆ ಬಹಸ್, ಎಂದರೆ ವಾದ ಮಾಡುವುದನ್ನು ಕಲಿಸಿದ ಮೌಲ್ವಿ ಸಾಹೇಬರು, ಎದುರಾಳಿಯ ಮಾತು ಸುಳ್ಳಾಗಲು ಏನು ನಡೆಯಬೇಕು ಎಂದು ಮೊದಲು ಅವನಿಂದಲೇ ಹೇಳಿಸಿಕೋ ಎನ್ನುತ್ತಿದ್ದರು. ಅದನ್ನೇ ನಮ್ಮ ಆಯಿಯ, ಅಪ್ಪನ ತಾಯಿಯ, ಮುಂದೆ ಇಟ್ಟೆ.

"ಆ ಎರಡಕ್ಕೂ ನಿಮ್ಮತ್ತಿ ಕರದಿದ್ದಿಲ್ಲ ತಮ್ಮಾ," ಎಂದಳು ಆಯಿ, ಎಲೆಗೆ ಸುಣ್ಣ ಹಚ್ಚುತ್ತ. "ಬ್ಯಾರೆಯವರು ಕರದ್ರು. ಅದಕ್ಕ ಹಂಗಾತು."

ಅಂದಿನಿಂದ ಹೆಸರಿಗೊಂದು ಹೊಸ ಕರಾರು ಅಂಟಿತು: ಅದು ಅತ್ತೆಯ ಬಾಯಿಂದಲೇ ಬರಬೇಕು. ಮೌಲ್ವಿ ಸಾಹೇಬರು ಆಯಿಯ ಜೊತೆ ಬಹಸಿಗೆ ಕೂತಿದ್ದರೆ ಪಾಠ ಬಿಟ್ಟು ಅಂಗಡಿ ಇಡುತ್ತಿದ್ದರು.

ಆದರೆ ಈ ಕರಾರಿನಿಂದ ಆದದ್ದನ್ನೂ ಹೇಳಬೇಕು. ಅತ್ತೆ ಗಂಡನ ಜೊತೆ ಕೆಲವು ಕಾಲ ಸೊಲ್ಲಾಪುರದಲ್ಲಿದ್ದಳು, ಅವನು ಅಲ್ಲಿ ಮಿಲ್ಲಿನಲ್ಲಿದ್ದ. ಅಲ್ಲಿ ಒಂದು ಕೂಸು ಹುಟ್ಟಿ ಹೋಯಿತು. ನಾನು ಹುಟ್ಟುವ ಸ್ವಲ್ಪ ಮೊದಲು ಅವಳು ತವರಿಗೆ ಬಂದಿದ್ದು ಆ ಸಂಕಟದಲ್ಲೇ. ಮುಂದೆ ನಾನು ನಡೆಯಲು ಕಲಿಯುವಷ್ಟರಲ್ಲಿ ಗಂಡನೂ ಸತ್ತ. ಅವಳು ನಮ್ಮ ಮನೆಯಲ್ಲೇ ಉಳಿದಳು. ಮದುವೆ, ಸೀಮಂತ, ಉಡಿ ತುಂಬುವುದು, ಯಾವುದಕ್ಕೂ ಮುಂದೆ ಬರುವಂತಿಲ್ಲ. ಮುತ್ತೈದೆಯರು ಆರತಿ ಎತ್ತುವಾಗ ಅತ್ತೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಆದರೆ ಆ ಹೆಸರಿನ ತೊಟ್ಟಿಲಿಗೆ ಮಾತ್ರ ಅವಳೇ ಬೇಕು. ಬೋಳು ಹಣೆಯ ಹೆಂಗಸನ್ನು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅವಳ ಬೆನ್ನಿಗೆ ಮುತ್ತೈದೆಯರು ಗುದ್ದುತ್ತಿದ್ದರು, ಮಡಿಲಿಗೆ ಖಣ ಹಾಕುತ್ತಿದ್ದರು. ಅವಳು ಆ ಖಣಗಳನ್ನು ಒಂದನ್ನೂ ಹೊಲಿಸಲಿಲ್ಲ, ಟ್ರಂಕಿನಲ್ಲಿ ಒಂದರ ಮೇಲೊಂದು ಇಟ್ಟಿದ್ದಳು. ಇದು ನನಗೆ ಕಾಣದೆ ಇರಲಿಲ್ಲ. ಕಂಡದ್ದರಿಂದಲೇ ಸಿಟ್ಟು ಬರುತ್ತಿತ್ತು. ಅವಳನ್ನು ಮನುಷ್ಯಳೆಂದು ಒಳಗೆ ಕರೆಯಲು ಇವರಿಗೆ ಒಬ್ಬ ಬೈರಾಗಿಯ ಸುಳ್ಳು ಬೇಕಾಯಿತೇ?

ಶಾಲೆಯ ದಿನಗಳಿಂದಲೂ ಹುಮನಾಬಾದಿನಲ್ಲಿ ನಾನಿರುವುದು ಸೋದರಮಾವನ ಮನೆಯಲ್ಲಿ. ಹೋದ ವರ್ಷ ಅಲ್ಲಿಗೆ ಮಾಮಿಯ ಕಡೆಯ ಒಬ್ಬ ಮುದುಕಿ ಸೊಲ್ಲಾಪುರದಿಂದ ಬಂದಳು, ಮಾಣಿಕನಗರಕ್ಕೆ ಹರಕೆ ಇತ್ತು. ಮಾಮಿ ನನ್ನನ್ನು ಊಟಕ್ಕೆ ಕೂಗಿದ್ದು ಅವಳ ಕಿವಿಗೆ ಬಿತ್ತು.

"ಏನ ಹೆಸರಪಾ ಅದು? ಯಾರ ಪೈಕಿ ನೀ?"

ಹೇಳಿದೆ. ಅತ್ತೆಯ ಗುರುತನ್ನೂ ಹೇಳಿದೆ.

"ಆಕಿ ನಮ್ಮ ಬಾಜೂ ಖೋಲ್ಯಾಗ ಇದ್ಳಲ್ಲ, ನಡಕ ಒಂದೇ ಗ್ವಾಡಿ. ಹೆಣ್ಮಗಳು ಬಾಳ ಕಷ್ಟಾ ಪಟ್ಳು." ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆಕಿ ಕೂಸಿನ ಹೆಸರೂ ಅದೇ. ಎದುರು ಖೋಲಿ ಮರಾಠಿ ಹೆಣ್ಮಗಳು ಹೇಳಿಕೊಟ್ಟಿದ್ಳು, ಗಂಡಗ ಬಾಳ ಸೇರಿತ್ತು. ಹಲ್ಲು ಬರೋ ಹೊತ್ತಿಗೆ ಹೋತು." ಆಮೇಲೆ ಏನೋ ಹೊಳೆದವಳ ಹಾಗೆ ಮಾಮಿಯ ಕಡೆ ತಿರುಗಿ ನೋಡಿದಳು. ಮಾಮಿ ಒಲೆಯ ಹತ್ತಿರ ಇದ್ದಳು, ಕೇಳಿಸಿಕೊಂಡಿರಲಿಲ್ಲ. ಮುದುಕಿ ದನಿ ತಗ್ಗಿಸಿದಳು. "ಹೋದ ಕೂಸಿನ ಹೆಸರ ಯಾರರೆ ಇಡ್ತಾರೇನೋ ತಮ್ಮಾ?"

ಯಾರೂ ಇಡುವುದಿಲ್ಲ. ಅಂಥ ಕೂಸಿನ ಹೆಸರನ್ನು ನಮ್ಮಲ್ಲಿ ಮತ್ತೆ ಬಾಯಿಗೂ ತರುವುದಿಲ್ಲ. ಅತ್ತೆಯ ಕೂಸಿಗೆ ಹೆಸರೊಂದಿತ್ತೇ ಎಂದು ನಮ್ಮ ಮನೆಯಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ. ಮಗು ಉಳಿಯಲಿ ಎಂದು ಊರೂರಿನ ತಾಯಂದಿರು ಇಟ್ಟ ಹೆಸರು ಉಳಿಯದ ಮಗುವಿನದು. ಇದು ಹೊರಗೆ ಬಿದ್ದರೆ ಆಗುವುದನ್ನು ನಾನು ಬಲ್ಲೆ. ಆ ಹೂಗಳ ತಾಯಂದಿರೆಲ್ಲ ಮಕ್ಕಳ ಹಣೆ ಮುಟ್ಟಿ ನೋಡಿಕೊಳ್ಳುತ್ತಾರೆ. ಜ್ವರದಲ್ಲಿ ಹೋದ ಎರಡನ್ನೂ ಅತ್ತೆಯ ತಲೆಗೆ ಕಟ್ಟುತ್ತಾರೆ. ನಮ್ಮ ಅವ್ವ ಕೂಡ. ಹೆಸರು ಬರೆಯದಿರಲು ಕಾರಣ ಇದೇ.

ನಾನಂತೂ ಹೆಸರಿನಿಂದ ಯಾರೂ ಬದುಕುವುದಿಲ್ಲ, ಸಾಯುವುದಿಲ್ಲ ಎನ್ನುವವನು. ಹಾಗಾದರೆ ನನಗೇನಾಗಬೇಕು? ಬೈರಾಗಿ ಸುಳ್ಳೆಂದು ಇಷ್ಟು ವರ್ಷ ಹೇಳಿದೆ, ಈಗ ಪುರಾವೆ ಕೈಗೆ ಬಂದಿದೆ, ಎತ್ತಿ ತೋರಿಸುವಂತಿಲ್ಲ. ಗೆದ್ದ ಬಹಸನ್ನು ನುಂಗಿಕೊಂಡು ಕೂರುವುದು ಎಂಥ ಕಿರಿಕಿರಿ ಎಂದು ಬಹಸ್ ಮಾಡದವರಿಗೆ ತಿಳಿಯುವುದಿಲ್ಲ.

ಹೋದ ತಿಂಗಳು ಬೇಮಳಖೇಡದ ಒಕ್ಕಲು ಮನೆಯೊಂದರಿಂದ ಅತ್ತೆಗೆ ಕರೆ ಬಂತು. ಅವಳು ಕಲ್ಯಾಣದಿಂದ ಮೋಟಾರಿನಲ್ಲಿ ಹುಮನಾಬಾದಿಗೆ ಬಂದಳು, ಅಲ್ಲಿಂದ ಮುಂದೆ ಅವರ ಗಾಡಿ. ಮಾರನೆಯ ಬೆಳಿಗ್ಗೆ ಮಾವನ ಮನೆಯ ಕಟ್ಟೆಯ ಮೇಲೆ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಗಾಡಿಯವನು ಎತ್ತುಗಳಿಗೆ ನೀರು ಕುಡಿಸುತ್ತಿದ್ದ.

"ಏನಪಾ ವಕೀಲಾ, ಇವತ್ತ ಯಾರ ಮ್ಯಾಲ ಖಟ್ಲೆ?" ಎಂದಳು.

"ಸೊಲ್ಲಾಪುರದಿಂದ ಒಬ್ಬಾಕಿ ಮುದುಕಿ ಬಂದಿದ್ಳು ಅತ್ತಿ. ನಿಮ್ಮ ಬಾಜೂ ಖೋಲಿಯಾಕಿ."

ಗಂಟಿನ ತುದಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಬದುಕ್ಯಾಳೇನು ಇನ್ನಾ," ಎಂದಳು. "ಛಲೋ ಆತು. ನನಗ ಬಾಣಂತನ ಮಾಡಿದಾಕಿ."

ಆಮೇಲೆ ಅವಳೇ ಕೇಳಿದಳು.

"ಯಾರ ಮುಂದ ಹೇಳಿದಿ?"

"ಯಾರ ಮುಂದೂ ಇಲ್ಲ."

"ಹೇಳಾಂವೇನು?"

ಇಂಥ ಪ್ರಶ್ನೆಗೆ ಎದುರು ಪ್ರಶ್ನೆ ಹಾಕಬೇಕು ಎಂದು ಕಲಿತವನು ನಾನು. ಆದರೆ ಆಮೇಲೆ ನಾನು ಕೇಳಿದ್ದು ಅದಕ್ಕಾಗಿ ಅಲ್ಲ. ಇಷ್ಟು ವರ್ಷ ಅವಳು ನನ್ನನ್ನು ಊಟಕ್ಕೆ ಕರೆದಿದ್ದಳು, ಬೈದಿದ್ದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತು ಮೆಲ್ಲಗೆ ಕರೆದಿದ್ದಳು, ಎಲ್ಲ ಅದೇ ಹೆಸರಿನಲ್ಲಿ. ಅಷ್ಟೂ ಸಲ ನಾನು "ಓ" ಎಂದಿದ್ದೆ.

ಗಾಡಿಯವನು ನೊಗಕ್ಕೆ ಎತ್ತು ಕಟ್ಟಿ "ಬರ್‍ರಿ ಅಮ್ಮಾರ" ಎಂದ. ಅವಳು ಎದ್ದು ಸೆರಗನ್ನು ತಲೆತುಂಬ ಎಳೆದುಕೊಂಡಳು. ಅವಳು ಗಾಡಿ ಹತ್ತಿದ ಮೇಲೆ ಗಂಟು ಎತ್ತಿ ಕೊಟ್ಟೆ. ಗಾಡಿಯ ಹಲಗೆ ಹಿಡಿದು ನಿಂತು, ಗಾಡಿಯವನಿಗೆ ಕೇಳದಷ್ಟು ಸಣ್ಣಗೆ ಕೇಳಿದೆ. ಅವಳು ಎತ್ತುಗಳನ್ನು ನೋಡುತ್ತ ಕೂತಳು, ಗಾಡಿ ಹೊರಟಿತು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತ ತೊಟ್ಟಿಲಿಗೆ ಬಾಗಿ ನೀ ಕರದದ್ದು ನನ್ನನ್ನೇನು?"