ಲಗ್ನಪತ್ರಿಕೆಯ ಕೆಳಸಾಲು

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಸೋಮಣ್ಣನಿಗೆ ಬೇರೆ ಚಟವಿರಲಿಲ್ಲ. ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಯಾರ ಮನೆಯ ಲಗ್ನಪತ್ರಿಕೆಯಾದರೂ 'ಸುಖಾಗಮನ ಬಯಸುವವರು' ಎಂಬಲ್ಲಿ ಮೊದಲ ಹೆಸರು ತನ್ನದಿರಬೇಕು, ಅಷ್ಟೆ. ವರನ ಹೆಸರು ತಪ್ಪಾದರೆ ಸಹಿಸುತ್ತಿದ್ದ. ತನ್ನ ಹೆಸರು ಎರಡನೇ ಸಾಲಿಗೆ ಇಳಿದರೆ ಮದುವೆಗೆ ಹೋಗಿ, ಊಟ ಮುಗಿಸಿಕೊಂಡು ಬಂದು, ಆಮೇಲೆ ಸಿಟ್ಟಾಗುತ್ತಿದ್ದ.

ಕೋಲ್ಡ್ ಸ್ಟೋರೇಜಿನ ಕೊಟ್ರೇಶನಿಗೂ ಇದೇ ರೋಗ. ಒಬ್ಬನಿದ್ದ ಪತ್ರಿಕೆಯಲ್ಲಿ ಇನ್ನೊಬ್ಬ ಇರುತ್ತಿರಲಿಲ್ಲ. ಹೆಣ್ಣು ಹೆತ್ತವರಿಗೆ ವರನನ್ನು ಹುಡುಕುವುದಕ್ಕಿಂತ ಇವರಿಬ್ಬರಲ್ಲಿ ಒಬ್ಬನನ್ನು ಆರಿಸುವುದೇ ಕಷ್ಟವಾಗಿತ್ತು. ೨೦೦೭ರಲ್ಲಿ ವರ್ತಕರ ಸಂಘದ ಅಧ್ಯಕ್ಷಗಿರಿ ತೆರವಾದಾಗ ಇಬ್ಬರೂ ಅಂಗಿಗೆ ಇಸ್ತ್ರಿ ಹಾಕಿಸಿದರು.

ಆ ಹೊತ್ತಿಗೇ ಸೋಮಣ್ಣನ ತಂಗಿಯ ಮಗಳು ಶೀಲಾ ಧಾರವಾಡದಿಂದ ಕಂಪ್ಯೂಟರ್ ಹೊತ್ತುಕೊಂಡು ಬಂದಳು. ಅವಳು ಓದುತ್ತಿದ್ದದ್ದು ಬೈಜಾಂಟಿಯಂ ಎಂಬ, ಸಾವಿರ ವರ್ಷದ ಹಿಂದಿನ ಸಾಮ್ರಾಜ್ಯದ ದೊಡ್ಡ ಮನೆತನಗಳ ವಿಷಯ. ಯಾರು ಯಾರಿಗೆ ಪತ್ರ ಬರೆದರು, ಯಾರ ಮಗಳು ಯಾರ ಮನೆ ಸೇರಿದಳು ಎಂದು ಹೆಸರಿಗೊಂದು ಚುಕ್ಕೆ, ನಂಟಿಗೊಂದು ಗೆರೆ ಹಾಕಿದರೆ, ಹೆಚ್ಚು ಗೆರೆ ಕೂಡಿದವನು ನಡುವೆ ಬಂದು ನಿಲ್ಲುತ್ತಾನೆ. ಈ ಲೆಕ್ಕ ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ಅವಳು ತನಗೆ ಪರಿಚಯದ ಮಂದಿಯ ಮೇಲೆ ಪರೀಕ್ಷಿಸಬೇಕಾಗಿತ್ತು.

ಸೋಮಣ್ಣನ ಕಿವಿ ನೆಟ್ಟಗಾದವು. "ನಡುವ ಯಾರ ಬರ್ತಾರಂತ ನನಗ ಗೊತ್ತೈತಿ ಶೀಲವ್ವ. ಉಳಿದ ಮಂದಿಗೂ ಗೊತ್ತಾಗ್ಲಿ."

ಅವನ ಹೆಂಡತಿ ಶಾರದವ್ವ ಒಳಗಿನಿಂದ ಎರಡು ಚೀಲ ಎಳೆದು ತಂದಳು. ಗಣಪತಿಯ ಚಿತ್ರವಿರುವ ಕಾಗದವನ್ನು ಕಸಕ್ಕೂ ಹಾಕಬಾರದು, ಒಲೆಗೂ ಹಾಕಬಾರದು ಎಂದು ಮೂವತ್ತು ವರ್ಷದ ಲಗ್ನಪತ್ರಿಕೆಗಳನ್ನು ಮೆಣಸಿನಕಾಯಿ ಚೀಲದಲ್ಲಿ ತುಂಬಿಟ್ಟಿದ್ದಳು. ಶೀಲಾ ಎಂಟು ದಿನ ಸೀನುತ್ತಲೇ ಒಂದಕ್ಷರ ಬಿಡದೆ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದಳು; ಒಂದೇ ಪತ್ರಿಕೆಯಲ್ಲಿ ಕೂಡಿ ಬಂದ ಹೆಸರುಗಳ ನಡುವೆ ಒಂದು ಗೆರೆ. ಇತ್ತ ಸೋಮಣ್ಣ, ಅಧ್ಯಕ್ಷ ಯಾರಾಗಬೇಕೆಂದು ಕಂಪ್ಯೂಟರೇ ಹೇಳಲಿ ಎಂದು ಪೇಟೆಯಲ್ಲೆಲ್ಲ ಸಾರಿದ. ಕೊಟ್ರೇಶನೂ ಒಪ್ಪಿದ, ಅವನಿಗೂ ಉತ್ತರ ಮೊದಲೇ ಗೊತ್ತಿತ್ತು.

ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್ ಇಲ್ಲದ ಮಂಗಳವಾರ ಸಂಘದಲ್ಲಿ ಎಲ್ಲರೂ ಸೇರಿದರು. ಶೀಲಾ ನಕ್ಷೆ ಬಿಡಿಸಿದಳು. ನಟ್ಟನಡುವೆ ಹೋಳಿಗೆಯಷ್ಟು ದೊಡ್ಡ ಚುಕ್ಕೆ, ಮೂರು ಊರಿನ ಎಲ್ಲ ಮನೆತನಗಳಿಂದಲೂ ಅದಕ್ಕೆ ಗೆರೆ. ಹೆಸರು: ಚಮನಸಾಬ.

ಕೊಟ್ರೇಶ ಮೀಸೆಯಲ್ಲೇ ನಕ್ಕ. "ಏನ್ರಿ ಸೋಮಣ್ಣಾರ, ಸಾಬರು ನಿಮಗ ಬೀಗರಾಗಬೇಕೇನು?"

"ನಿನಗೂ ಆಗಬೇಕು ನೋಡಪಾ. ಗೆರಿ ಐತಿ."

ಚಮನಸಾಬ ಸ್ಟೇಷನ್ ರಸ್ತೆಯ ಪ್ರಿಂಟಿಂಗ್ ಪ್ರೆಸ್ಸಿನವನು. ಪ್ರತಿ ಪತ್ರಿಕೆಯ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಮುದ್ರಣ: ಚಮನಸಾಬ, ಬ್ಯಾಡಗಿ' ಎಂದಿದ್ದುದನ್ನೂ ಶೀಲಾ ಏರಿಸಿಬಿಟ್ಟಿದ್ದಳು. ಈಗ ಅವಳ ಮುಖ ಇಳಿದದ್ದು ಬ್ಯಾಡಗಿಯ ಸಲುವಾಗಿ ಅಲ್ಲ. ಅವಳ ಬೈಜಾಂಟಿಯಂ ನಕ್ಷೆಯ ನಡುವೆಯೂ ಅರಸನಿಗೂ ಅವನ ವೈರಿಗೂ ಸಮನಾಗಿ ಬೇಕಾದ ಒಬ್ಬ ಮಹಾಪುರುಷನಿದ್ದ. ಅವನ ಮೇಲೆ ನಲವತ್ತು ಪುಟ ಬರೆದಾಗಿತ್ತು. ಅವನು ಆ ಪತ್ರಗಳನ್ನು ನಕಲು ಮಾಡಿ ತಳದಲ್ಲಿ ರುಜು ಹಾಕುತ್ತಿದ್ದ ಗುಮಾಸ್ತ ಎಂದು ಅವಳಿಗೆ ಅಲ್ಲೇ ಹೊಳೆಯಿತು, ಮಾವನಿಗೆ ಹೇಳಿಯೂ ಬಿಟ್ಟಳು.

"ಇರ್ಲಿ ಬಿಡವ್ವ," ಎಂದ ಸೋಮಣ್ಣ. "ಅಂವಾನೂ ಯಾರದರ ಲಗ್ನದಾಗ ಉಂಡಿರ್ತಾನ. ಈಗ ಸಾಬರನ್ನ ತಗದು ತೋರಿಸು."

ತೆಗೆದಳು. ನಕ್ಷೆ ಎರಡು ಹೋಳಾಯಿತು. ಒಂದು ರಾಶಿಯ ನಡುವೆ ಸೋಮಣ್ಣ, ಇನ್ನೊಂದರ ನಡುವೆ ಕೊಟ್ರೇಶ, ಮಧ್ಯೆ ಒಂದೇ ಒಂದು ಗೆರೆಯಿಲ್ಲ. ಸಂಘದ ಹಿರಿಯ ಹನುಮಪ್ಪ ಕನ್ನಡಕ ಏರಿಸಿ ನೋಡಿದ.

"ಸಾಬರನ್ನ ತಗದ್ರ ಊರ ಉಳಿಯಂಗಿಲ್ಲಲ್ಲೋ," ಎಂದ. ಆಚೆ ರಾಶಿಗೆ ಯಾರು ಗೆರೆ ಎಳೆಯುತ್ತಾರೋ ಅವರೇ ಅಧ್ಯಕ್ಷರು, ಮೂರು ತಿಂಗಳ ಗಡುವು ಎಂದು ತೀರ್ಪು ಕೊಟ್ಟ.

ಸೋಮಣ್ಣ ಇಡೀ ಸಂಜೆ ಯೋಚಿಸಿದ. ಮೂವತ್ತು ವರ್ಷ ಮೇಲಿನ ಸಾಲಿಗಾಗಿ ಗುದ್ದಾಡಿದ್ದು ದಂಡ, ತೂಕವೆಲ್ಲ ಕೆಳಸಾಲಿಗಿದೆ. ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಹೋದರೆ ಅದೇ ವಿಚಾರ ಮಾಡಿಕೊಂಡು ಕೊಟ್ರೇಶ ಆಗಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಹೊಸರಿತ್ತಿಯ ಒಂದು ಮದುವೆಯ ಪತ್ರಿಕೆ ಅಚ್ಚಿಗೆ ನಿಂತಿತ್ತು. ಚಮನಸಾಬ ಅಳತೆಪಟ್ಟಿ ಇಟ್ಟು ನೋಡಿ, "ಕೆಳಗ ಒಂದ ಸಾಲಿನಷ್ಟ ಜಾಗಾ ಐತ್ರಿ ಸಾವ್ಕಾರ್ರ. ಇಬ್ಬರೂ ಕೂಡಿ ಕುಂದ್ರತೀರೇನು ನೋಡ್ರಿ," ಎಂದ.

ಯಾರದು ಮೊದಲು ಎಂಬ ಮಾತು ಮಧ್ಯಾಹ್ನದವರೆಗೆ ನಡೆಯಿತು. ಕಡೆಗೆ ಅರ್ಧ ಪತ್ರಿಕೆಗಳಲ್ಲಿ ಸೋಮಣ್ಣ ಮೊದಲು, ಅರ್ಧದಲ್ಲಿ ಕೊಟ್ರೇಶ ಎಂದು ಅಚ್ಚಾಯಿತು. ನಕ್ಷೆಯಲ್ಲಿ ಗೆರೆ ಬಿತ್ತು. ಗೆರೆಗೆ ಎರಡು ತುದಿ ಇರುತ್ತವಲ್ಲ ಎಂದು ಹನುಮಪ್ಪ ಅಧ್ಯಕ್ಷಗಿರಿಯನ್ನು ಆರಾರು ತಿಂಗಳು ಹಂಚಿಕೊಟ್ಟ.

ಮುಂದಿನ ಸುಗ್ಗಿಯ ಹೊತ್ತಿಗೆ ಪೇಟೆಯವರೆಲ್ಲ ತಳಕ್ಕೆ ಮುಗಿಬಿದ್ದರು. ಪತ್ರಿಕೆಯ ಮೇಲ್ಭಾಗ ಬೋಳಾಯಿತು, ಕೆಳಭಾಗ ಸಂತೆಯಾಯಿತು. ಚಮನಸಾಬನ ಸಾಲಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ. ಅವನು ಗಣಪತಿಯ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಹಾಕಿಕೊಂಡ.

ಇದೇನೆಂದು ಸೋಮಣ್ಣ ಕೇಳಿದ್ದಕ್ಕೆ ಅವನು ಮೆತ್ತಗೆ ಹೇಳಿದ: "ಖಾಲಿ ಬಿಟ್ರ ಚಂದ ಕಾಣಂಗಿಲ್ರಿ."