ಬಾಲ್ಕನಿ ಒಡೆಸೋ ದಿನ ಅತ್ತೆ ಸಂಡಿಗೆ ಇಟ್ರು

ಬೆಳಿಗ್ಗೆ ಎಂಟಕ್ಕೇ ಮಿಸ್ತ್ರಿ ಸುತ್ತಿಗೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ನಮ್ಮತ್ತೆ ನೋಡಿದ್ರೆ ಬಾಲ್ಕನಿ ತುಂಬಾ ಬಟ್ಟೆ ಹಾಸಿ ಅಕ್ಕಿ ಸಂಡಿಗೆ ಇಡ್ತಾ ಕೂತಿದ್ದಾರೆ!

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮದು ಒನ್ ಬಿಎಚ್‌ಕೆ. ಬಿಲ್ಡಿಂಗ್‌ನಲ್ಲಿ ಎಲ್ಲರೂ ಮಾಡಿರೋ ಹಾಗೆ ನಾವೂ ನಡುವಿನ ಗೋಡೆ ಒಡೆಸಿ, ಆಚೆ ಕಿಟಕಿ ಕೂರಿಸಿ, ಬಾಲ್ಕನಿನ ಹಾಲ್‌ಗೆ ಸೇರಿಸೋಕೆ ಹೊರಟಿದ್ವಿ.

ಅದೂ ಅತ್ತೆಗೋಸ್ಕರ. ಮಾವ ಹೋದ ಮೇಲೆ ಉಡುಪಿಯಿಂದ ನಮ್ಮ ಜೊತೆ ಇರೋಕೆ ಅಂತ ಬಂದೋರು, ಎರಡೇ ತಿಂಗಳಿಗೆ "ಇಲ್ಲಿ ಉಸಿರು ಕಟ್ತದೆ ಮಾರಾಯ್ತಿ, ನಾನು ಊರಿಗೆ ಹೋಗ್ತೇನೆ" ಅಂತ ಟಿಕೆಟ್ ಮಾಡಿಸಿಬಿಟ್ಟಿದ್ರು.

ನಂಗೆ ಸಂಕಟ... ಅವರು ಬಂದ ಮೇಲೆ ಮಗಳು ಸ್ಕೂಲಿಂದ ಬಂದು ತಾನೇ ಬೀಗ ತೆಗೆಯೋದು ತಪ್ಪಿತ್ತು. ಸ್ವಾರ್ಥ ಅನ್ನಿ, ಪ್ರೀತಿ ಅನ್ನಿ, ನಂಗೆ ಅವರು ಬೇಕು. ಹಾಲ್ ದೊಡ್ಡದಾದ್ರೆ ಉಳ್ಕೋತಾರೇನೋ ಅಂತ ಆಸೆ.

ಅವರೋ, ಹೋಗೋ ಮುಂಚೆ ಮಗನಿಗೆ ಸಂಡಿಗೆ ಮಾಡಿಟ್ಟು ಹೋಗ್ಬೇಕು ಅಂತ, ಬಾಲ್ಕನಿಲಿದ್ದ ಕೆಟ್ಟ ಕೂಲರ್, ಹಳೇ ಸೂಟ್‌ಕೇಸು, ಗಣಪತಿ ಡೆಕೊರೇಶನ್ ಎಲ್ಲಾ ಹಿಂದಿನ ದಿನವೇ ಹೊರಗೆ ಹಾಕ್ಸಿದ್ರು.

"ಆಂಟೀಜಿ, ಸೈಡ್" ಅಂದ ಮಿಸ್ತ್ರಿ.

ಅತ್ತೆ ತಲೇನೂ ಎತ್ತಲಿಲ್ಲ. "ಮೂರು ಬಿಸಿಲು ಆಗ್ಲಿ, ಆಮೇಲೆ ಎಂತ ಬೇಕಾದ್ರೂ ಒಡೀಲಿ."

ಒಳಗೊಳಗೇ ಉರೀತಿದ್ರೂ ಅವನಿಗೆ ಮೂರು ದಿನ ಬಿಟ್ಟು ಬಾ ಅಂತ ಹೇಳಿ ಕಳಿಸ್ದೆ. ಆಫೀಸಿಗೆ ರಜೆ ಹಾಕಿದ್ದು ದಂಡ!

ಸಂಡಿಗೆಗೆ ಪಾರಿವಾಳದ ಕಾಟ ಬೇರೆ. ಕಾಯೋಕೆ ಅಂತ ಸೋಫಾ ಸರಿಸಿ, ವರ್ಷಗಟ್ಟಲೆ ಅರ್ಧ ಮುಚ್ಚೇ ಇದ್ದ ಸ್ಲೈಡಿಂಗ್ ಡೋರ್ ಪೂರ್ತಿ ತೆಗೆದ್ವಿ. ಅತ್ತೆ ಅಲ್ಲೇ ಕುರ್ಚಿ ಹಾಕ್ಕೊಂಡ್ರು, ಮಗಳು ಹೋಂವರ್ಕ್ ಹಿಡ್ಕೊಂಡು ಪಕ್ಕದಲ್ಲಿ ಕೂತ್ಲು.

ಮೂರನೇ ದಿನ ಸಂಜೆ ಲೋಕಲ್ ಟ್ರೇನ್ ಇಳಿದು ಮನೆಗೆ ಬಂದು ನೋಡ್ತೀನಿ... ನಮ್ಮನೇನಾ ಇದು? ಬಾಗಿಲಲ್ಲಿ ನಿಂತ್ರೆ ನೋಟ ಸೀದಾ ಆಕಾಶದವರೆಗೂ ಹೋಗುತ್ತೆ. ನನ್ನ ಗಂಡ ಬಾಲ್ಕನಿ ಹೊಸ್ತಿಲ ಮೇಲೆ ಕೂತು ಚಾ ಕುಡೀತಿದ್ದಾರೆ.

ಅತ್ತೆ ಕಂಬಿಗೆ ಒರಗಿ, ಎದುರು ಬಾಲ್ಕನಿಯ ಮರಾಠಿ ಆಂಟಿ, ನಾವೆಲ್ಲ ಕಾಕೂ ಅನ್ನೋರು, ಅವರಿಗೆ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಸಂಡಿಗೆ ಹಿಟ್ಟು ಕಲಸೋದು ಹೇಳಿಕೊಡ್ತಿದ್ದಾರೆ. ಕಾಕೂ ಏನೋ ಅಂದ್ರು. ಅತ್ತೆ ಜೋರಾಗಿ ನಕ್ಕರು. ಮಾವ ಹೋದ ಮೇಲೆ ಅವರು ನಕ್ಕಿದ್ದು ನಾನು ಕೇಳಿದ್ದು ಅವತ್ತೇ. ಕಣ್ಣು ತುಂಬಿ ಬಂತು.

ಮಿಸ್ತ್ರಿಗೆ ಫೋನ್ ಮಾಡಿ ಬರಬೇಡ ಅಂದೆ. ಬೈದ. ಬೈಸ್ಕೊಂಡೆ.

ಮಾರನೇ ದಿನ ಅತ್ತೆ ಮಗನನ್ನ ಕರೆದು, "ಆ ಟಿಕೆಟ್ ಕ್ಯಾನ್ಸಲ್ ಮಾಡಿಬಿಡು, ಕಾಕೂಗೆ ಹಪ್ಪಳ ಕಲಿಸ್ಲಿಕ್ಕುಂಟು" ಅಂದ್ರು.

ಮಿಸ್ತ್ರಿ ಒಂದೇ ಒಂದು ದಿನ ಮುಂಚೆ ಬಂದಿದ್ರೆ ನಮಗೆ ದೊಡ್ಡ ಹಾಲ್ ಇರ್ತಿತ್ತು, ಅದರಲ್ಲಿ ಅತ್ತೆ ಇರ್ತಿರ್ಲಿಲ್ಲ... ನೆನೆಸ್ಕೊಂಡ್ರೆ ಈಗಲೂ ಎದೆ ಧಸಕ್ಕನ್ನುತ್ತೆ.