ಅಮ್ಮನ ಒಲೆಯಿಂದ ಬಂದ ಎರಡು ಕುಯಿಗಳು

ನನ್ನ ದೊಡ್ಡಮ್ಮ ನಿಕಾಸಿಯಾಳಷ್ಟು ಹಠಮಾರಿಯನ್ನು ನಾನು ಕಂಡಿಲ್ಲ. ಈ ಬೆಟ್ಟದೂರಿನಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮಗು ಬೆಚ್ಚಿಬಿದ್ದರೂ ಅವಳಿಗೇ ಕರೆ. ಕಪ್ಪು ಕುಯಿಯೊಂದನ್ನು ಹಿಡಿದು ರೋಗಿಯ ನೆತ್ತಿಯಿಂದ ಪಾದದವರೆಗೆ ಸವರಿ ಕಾಯಿಲೆಯನ್ನು ಅದರೊಳಗೆ ಇಳಿಸುತ್ತಿದ್ದಳು. ಕುಯಿ ಎಂದರೆ ನಮ್ಮ ಅಡುಗೆಮನೆಯ ನೆಲದ ಮೇಲೆ ಓಡಾಡಿಕೊಂಡಿರುವ ಗಿನಿಹಂದಿ. ಹಬ್ಬಕ್ಕೆ ಅದೇ ಊಟ, ಮದುವೆಗೆ ಅದೇ ಉಡುಗೊರೆ. ಆದರೆ ಕಾಯಿಲೆ ಹೀರಿಕೊಂಡ ಕುಯಿಯನ್ನು ಯಾರೂ ತಿನ್ನುವುದಿಲ್ಲ, ಸಾಕುವುದಿಲ್ಲ. ಹಳ್ಳದಾಚೆ ಹೂಳುತ್ತಾರೆ.

ಅಮ್ಮ ತೀರಿಕೊಂಡಾಗ ಅವಳ ಅಡುಗೆಮನೆಯಲ್ಲಿ ಉಳಿದಿದ್ದವು ಎರಡೇ ಕುಯಿಗಳು. ದೊಡ್ಡಮ್ಮ ಅವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದಳು, ಹಿಂದೆಯೇ ನಾನೂ ಬಂದೆ.

"ಇವು ಇರೋವರೆಗೂ ನನ್ನ ತಂಗಿ ಮನೆ ಇದೆ ಅಂತ ಲೆಕ್ಕ," ಅಂದಳು.

ಬೆಳಗಿನ ಹೊಗೆಯಲ್ಲಿ ಅಡುಗೆಮನೆ ತೇಲುತ್ತಿತ್ತು. ಕಣ್ಣಿಗೆ ಏನೂ ಕಾಣದು, ಕಾಲ ಬುಡದಲ್ಲಿ ಕುಯ್ ಕುಯ್ ಎಂಬ ಮೆಲುದನಿ ಮಾತ್ರ. ತನ್ನ ಮಧ್ಯಾಹ್ನದ ಜೊಂಪಿನಲ್ಲಿ ಅಮ್ಮ ಬರುತ್ತಾಳೆ, ಹಸಿರು ಮೇವಿನ ಹೊರೆ ಇಳಿಸಿ ಒಲೆಯ ಪಕ್ಕ ಕೂರುತ್ತಾಳೆ, ಮಾತಾಡುವುದಿಲ್ಲ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ನನಗೂ ಮೇವಿನ ಹಸಿ ವಾಸನೆ ಬಂದಂತಾಗುತ್ತಿತ್ತು.

ಮೂರನೇ ವಾರ ಕುಯಿಗಳಿಗೆ ಕೆರೆತ ಶುರುವಾಯಿತು. ಬೆನ್ನಿನ ಕೂದಲು ಉದುರಿತು, ಚರ್ಮ ಹೊಟ್ಟುಗಟ್ಟಿ ರಕ್ತ ಜಿನುಗಿತು. ದೊಡ್ಡಮ್ಮನ ಮುಖ ಕಪ್ಪಿಟ್ಟಿತು.

"ನಿಮ್ಮಮ್ಮನ ಕಾಯಿಲೆ ಇವಕ್ಕೆ ಇಳಿದಿದೆ. ಶುಕ್ರವಾರ ಹೂಳ್ತೀನಿ."

"ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಊರಿಗೆಲ್ಲ ಹೇಳಿದ್ದನ್ನ ನಾನೇ ಮಾಡದಿದ್ರೆ ಮುಖಕ್ಕೆ ಉಗೀತಾರೆ."

ಅಂಥ ಕೆಲಸಕ್ಕೆ ಮಂಗಳವಾರ ಇಲ್ಲವೇ ಶುಕ್ರವಾರವೇ ಆಗಬೇಕು. ಸದ್ಯ, ಅಂದು ಬುಧವಾರ. ಮರುದಿನವೇ ಕೆಳಗಿನ ಪೇಟೆಗೆ ಹೋಗಿ ಪಶುವೈದ್ಯೆ ಡೆಲ್ಫಿನಾಳನ್ನು ಕರೆತಂದೆ. ಅವಳು ಚರ್ಮ ಕೆರೆದು ಚೀಲದಲ್ಲಿದ್ದ ಪುಟ್ಟ ಸೂಕ್ಷ್ಮದರ್ಶಕದಲ್ಲಿ ನೋಡಿದಳು.

"ಕಜ್ಜಿ ಹುಳ ಅಜ್ಜಿ. ಮನೆ ಬದಲಾಗಿ ಹೆದರಿವೆ, ಮೈ ಸೋತಿದೆ. ಅಡಗಿಕೊಂಡಿದ್ದ ಹುಳ ಎದ್ದಿದೆ."

"ಹೆದರಿಕೆ ಅಂತ ನೀನೇ ಅಂದ್ಯಲ್ಲ. ಹೆದರಿದ್ರೆ ಕಾಯಿಲೆ ಒಳಗಿಳಿಯುತ್ತೆ ಅಂತ ನಾನೂ ಅದನ್ನೇ ಅಲ್ವಾ ಹೇಳೋದು?"

"ನೀವು ಹೂಳ್ಬೇಕು ಅಂದ್ರಿ. ನಾನು ಕತ್ತಿನ ಹಿಂದೆ ಔಷಧಿ ಹನಿ ಹಾಕ್ತೀನಿ. ಎರಡು ವಾರ ಬಿಟ್ಟು ಇನ್ನೊಂದ್ಸಲ. ಹಳೇ ಹುಲ್ಲು ಸುಟ್ಬಿಡಿ, ಬೇರೆ ಕುಯಿಗಳ ಜೊತೆ ಬಿಡ್ಬೇಡಿ."

ದೊಡ್ಡಮ್ಮ ಗೊಣಗುತ್ತಲೇ ಹುಲ್ಲು ಸುಟ್ಟಳು. ಆ ಶುಕ್ರವಾರ ಬಂತು, ಹೋಯಿತು. ಆರನೇ ವಾರಕ್ಕೆ ಬೋಳು ಬೆನ್ನಿನ ಮೇಲೆ ಮೆತ್ತನೆಯ ಕೂದಲು ಮೂಡಿತ್ತು. ನಾನು ಹಿಗ್ಗಿದೆ. ದೊಡ್ಡಮ್ಮ ಮಾತ್ರ ಆ ಕೂದಲನ್ನು ಸವರುತ್ತ ಕೂತಳು.

"ಅವತ್ತೂ ಇದೇ ಕೆರೆತ," ಅಂದಳು. "ನೀನು ನಾಲ್ಕು ವರ್ಷದವಳು. ಜ್ವರ. ಕುಯಿ ಸವರಿ ಇಳಿಸಿದ್ದೆ. ಆಗಷ್ಟೇ ನಿಮ್ಮಮ್ಮ ಹದಿನಾಲ್ಕು ಕುಯಿ ತಂದಿದ್ದಳು. ವಾರದಲ್ಲಿ ಎಲ್ಲದರ ಕೂದಲೂ ಉದುರ್ತು. ಇವು ಉಳಿದ್ರೆ ಜ್ವರ ಮಗೂಗೆ ವಾಪಸ್ ಬರುತ್ತೆ, ನಿಂಗೆ ಮಗಳು ಬೇಕೋ ಕುಯಿ ಬೇಕೋ ಅಂತ ಅವಳನ್ನ ಕೇಳ್ದೆ."

"ಅಮ್ಮ ಏನು ಮಾಡಿದಳು?"

"ಒಂದೊಂದನ್ನೇ ಮಡಿಲಲ್ಲಿ ಹೊತ್ಕೊಂಡು ಹಳ್ಳ ದಾಟಿದಳು."

ಆಮೇಲೆ ನಾಲ್ಕು ವರ್ಷ ಅಮ್ಮನ ಅಡುಗೆಮನೆಯಲ್ಲಿ ಕುಯಿಗಳ ಸದ್ದೇ ಇರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ. ದೊಡ್ಡಮ್ಮನ ಮೇಲೆ ನನಗೆ ಸಿಟ್ಟು ಬಂತು.

ಕೆಲವು ದಿನಗಳ ಮೇಲೆ ಪಕ್ಕದ ಮನೆಯ ಉಬಾಲ್ದಿನಾ ಶಾಲಿನಲ್ಲಿ ಸುತ್ತಿಕೊಂಡು ಒಂದು ಬೋಳು ಕುಯಿ ತಂದಳು.

"ಅಕ್ಕ, ನಮ್ಮೆಜಮಾನ್ರ ಕೆಮ್ಮು ಇದಕ್ಕೆ ಇಳಿದಿರ್ಬೇಕು. ಹೂಳ್ಬಿಡ್ಲಾ?"

ದೊಡ್ಡಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಕೂದಲು ಬಿಡಿಸಿ ನೋಡಿದಳು.

"ಬೇಡ. ಇದು ಹುಳ. ಪೇಟೆಯ ಡಾಕ್ಟ್ರಮ್ಮನ ಹತ್ರ ತಗೊಂಡ್ಹೋಗು."

"ಇಷ್ಟು ವರ್ಷ ಹೂಳಿ ಅಂತ ಹೇಳ್ತಿದ್ರಲ್ಲ?"

"ಹೇಳ್ತಿದ್ದೆ. ನನ್ನ ತಂಗಿಗೂ ಹೇಳ್ದೆ. ತಪ್ಪು ಹೇಳಿದ್ದೆ."

ಮಾತು ಉಬಾಲ್ದಿನಾಳ ಜೊತೆ ನಡೆದಿತ್ತು, ಆದರೆ ದೊಡ್ಡಮ್ಮ ನೋಡುತ್ತಿದ್ದದ್ದು ನನ್ನನ್ನು.